ಕಣ್ಣಿಗೆ ಕಾಣದ ಕಲಬೆರಕೆ

ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡವಾಗಿ ಕಟ್ಟಿದ ಜಲಾಶಯದಿಂದ ಒಂದು ಲೋಟ ನೀರು ತಂದು, ಸೋಸಿ, ಚೆನ್ನಾಗಿ ಕುದಿಸಿದೆವೆನ್ನಿ. ನೀರು ತಿಳಿಯಾಗುವುದು, ಅದರಲ್ಲಿದ್ದ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಸಾಯುವುವು. ಬಾಯಾರಿದವನಿಗೆ ಇಷ್ಟು ಸಾಕು. ಆದರೆ ಅದೇ ನೀರನ್ನು ರೋಗಿಯ ರಕ್ತನಾಳಕ್ಕೆ ಹರಿಸಬಹುದೆ? ಸರ್ವಥಾ ಕೂಡದು. ಇದರ ಕಾರಣವನ್ನು ಅರಿತರೆ, ಔಷಧಗಳ ಪರೀಕ್ಷೆ ಏಕೆ ಬೇಕೆಂಬುದನ್ನೂ ಅರಿತಂತಾಗುವುದು.

ಕೆಲವು ಜಾತಿಯ ಬ್ಯಾಕ್ಟೀರಿಯಗಳ ಹೊರಪೊರೆಯಲ್ಲಿ ಎಂಡೊಟಾಕ್ಸಿನ್ ಎಂಬ ವಿಷವಸ್ತುವಿದೆ. ಜೀವಿ ಸತ್ತರೂ ವಿಷ ಉಳಿಯುವುದು. 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒತ್ತಡದ ಹಬೆಗೂ ಅದು ಜಗ್ಗದು. ಗಾಜಿನ ಪಾತ್ರೆಗಳಿಂದ ಅದನ್ನು ತೊಲಗಿಸಲು ಸುಮಾರು 250 ಡಿಗ್ರಿಯ ಒಣಶಾಖ ಬೇಕು. ದ್ರಾವಣವನ್ನು ಅಷ್ಟು ಕಾಯಿಸಲಾಗದು. ಆದುದರಿಂದ ಮೊದಲಿನಿಂದಲೇ ಶುದ್ಧವಾಗಿಡಬೇಕು. ಈ ವಿಷ ರಕ್ತಕ್ಕೆ ಸೇರಿದರೆ ಚಳಿಜ್ವರ ಬರುವುದು. ಪ್ರಮಾಣ ಹೆಚ್ಚಾದರೆ ರಕ್ತದೊತ್ತಡ ಕುಸಿದು ಮೂತ್ರಪಿಂಡಗಳು ಕೆಡುವುವು. ಅದನ್ನು ಪತ್ತೆ ಹಚ್ಚಲು ಲಾಳದ ಆಕಾರದ ಒಂದು ಕಡಲಜೀವಿಯ ರಕ್ತಕಣಗಳ ಸಾರವನ್ನು ಬಳಸುತ್ತಾರೆ. ವಿಷವಿದ್ದರೆ ಸಾರ ಹೆಪ್ಪುಗಟ್ಟುವುದು.

2024ರ ನವೆಂಬರ್ ತಿಂಗಳಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಯಿಂದ ಹೆತ್ತ ತಾಯಂದಿರಲ್ಲಿ ಐವರು ಅಸ್ವಸ್ಥರಾಗಿ, ಕೆಲವೇ ವಾರಗಳಲ್ಲಿ ಅಸುನೀಗಿದರು. ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂದೇಹ ಮೂಡಿ, ಸರ್ಕಾರ ಆ ತಯಾರಕರ ದ್ರಾವಣದ ಬಳಕೆಯನ್ನು ತಡೆಯಿತು. ಆ ದ್ರಾವಣವು ನೋಡುವವರ ಕಣ್ಣಿಗೆ ತಿಳಿನೀರಿನಂತೆಯೇ ಇರುವುದು.

ಬಾಯಿಂದ ಸೇವಿಸುವ ಔಷಧದಲ್ಲಿಯೂ ಇದೇ ಅಪಾಯ. ಕೆಮ್ಮಿನ ಔಷಧಗಳಲ್ಲಿ ಗ್ಲಿಸರಿನ್ ಮೊದಲಾದ ಸಿಹಿ ದ್ರವಗಳನ್ನು ಬೆರೆಸುವುದುಂಟು. ಡೈಇಥಿಲೀನ್ ಗ್ಲೈಕಾಲ್ ಕೂಡ ಬಣ್ಣವಿಲ್ಲದ, ಮಂದವಾದ, ಸಿಹಿಯಾದ ದ್ರವವೇ. ಆದರೆ ಮೂತ್ರಪಿಂಡಗಳಿಗೆ ಮಾರಕ. ಅಮೆರಿಕದಲ್ಲಿ 1937ರಲ್ಲಿ ಈ ದ್ರವವಿದ್ದ ಔಷಧ ಕುಡಿದು 100ಕ್ಕೂ ಹೆಚ್ಚು ಜನ ಸತ್ತರು. ಔಷಧವನ್ನು ಮಾರುವ ಮೊದಲೇ ಅದು ನಿರಪಾಯಕರವೆಂದು ತೋರಿಸಬೇಕೆಂಬ ಶಾಸನ ಮರುವರ್ಷ ಬಂದಿತು. ನಮ್ಮಲ್ಲಿ ಔಷಧ ಕಾಯಿದೆ ಬಂದದ್ದು 1940ರಲ್ಲಿ. ಆದರೂ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಪ್ರದೇಶದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಇಂಥ ಔಷಧಕ್ಕೆ ಬಲಿಯಾದರು. ಆ ಔಷಧದಲ್ಲಿ ಈ ವಿಷ ಶೇಕಡ 48.6ರಷ್ಟಿತ್ತು, ಅನುಮತಿಯಿರುವ ಮಿತಿ ಶೇಕಡ 0.1 ಮಾತ್ರ.

ಇನ್ನು ನಕಲಿ ಔಷಧವಂತೂ ಬುದ್ಧಿಪೂರ್ವಕವಾದ ಮೋಸ. ಗುಳಿಗೆಯಲ್ಲಿ ಬರಿಯ ಪಿಷ್ಟವಿದ್ದರೆ ರೋಗಿಗೆ ಚಿಕಿತ್ಸೆಯೇ ದೊರೆಯದು. ಪ್ರತಿಜೈವಿಕ ಔಷಧ ಅರೆಪ್ರಮಾಣದಲ್ಲಿದ್ದರೆ ಕೇಡು ಇಮ್ಮಡಿಯಾಗುವುದು: ದುರ್ಬಲ ರೋಗಾಣುಗಳು ಸತ್ತು, ಔಷಧವನ್ನು ತಾಳಿಕೊಂಡವು ಉಳಿದು ವೃದ್ಧಿಯಾಗುವುವು. ಅವು ನೆರೆಮನೆಗೂ ಹರಡುವುವು.

ಹಾಗಾದರೆ ನಾವೇನು ಮಾಡಬಲ್ಲೆವು? ಪ್ರಯೋಗಶಾಲೆಯ ಕೆಲಸ ಮನೆಯಲ್ಲಿ ಸಾಧ್ಯವಿಲ್ಲ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿಯೇ ಔಷಧ ಕೊಂಡರೂ ಪರವಾನಗಿಯುಳ್ಳ ಅಂಗಡಿಯಲ್ಲಿ ಕೊಳ್ಳಬಹುದು, ರಸೀದಿ ಕೇಳಬಹುದು, ಹೊದಿಕೆಯ ಮೇಲಿನ ಬ್ಯಾಚ್ ಸಂಖ್ಯೆಯನ್ನೂ ಅವಧಿಯನ್ನೂ ಓದಬಹುದು. 2023ರ ಆಗಸ್ಟ್ 1ರಿಂದ 300 ಔಷಧ ಹೆಸರುಗಳಿಗೆ ಕ್ಯೂಆರ್ ಸಂಕೇತ ಕಡ್ಡಾಯವಾಗಿದೆ. ಅದನ್ನು ಮೊಬೈಲಿನಿಂದ ಪರೀಕ್ಷಿಸಬಹುದು.

ಇವು ಅಲ್ಪವೆಂದು ತೋರಬಹುದು. ಕಾಲುವೆಯ ನೀರು ಕೆಟ್ಟರೆ ರೈತನು ದಂಡೆಗುಂಟ ಮೇಲಕ್ಕೆ ನಡೆದು ಕೆಟ್ಟ ಸ್ಥಳವನ್ನು ಕಾಣುವನು. ಔಷಧದ ಮೂಲಕ್ಕೆ ಹೋಗುವ ದಂಡೆಯೆಂದರೆ ಆ ರಸೀದಿ, ಆ ಬ್ಯಾಚ್ ಸಂಖ್ಯೆ. ಅವೆರಡೂ ಕೈಯಲ್ಲಿದ್ದರೆ, ಒಬ್ಬನಿಗಾದ ಕೇಡು ಹತ್ತು ಮನೆಗಳಿಗೆ ತಗಲುವ ಮೊದಲು ತಡೆಯಬಹುದು.