ಗುಡಿಸನ್ ಬಿಟ್ಟು ಬಂದ ಎವರ್ಟನ್

ಫುಟ್‌ಬಾಲ್ ಮೈದಾನದ ಅಂಚಿನ ಮಣ್ಣಲ್ಲಿ ನೂರಾರು ಅಭಿಮಾನಿಗಳ ಚಿತಾಭಸ್ಮ ಇದೆ ಅಂದ್ರೆ ನಂಬ್ತೀರಾ? ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಇದೆ. 1892ರಿಂದ ಅದು ಎವರ್ಟನ್ ಕ್ಲಬ್ಬಿನ ಮನೆ. ಅಂಥ ಜಾಗ ಬಿಟ್ಟು ಹೊರಡಿ ಅಂದ್ರೆ ಅಭಿಮಾನಿಗೆ ಹೇಗಾಗಬೇಡ?

ಹಾಗಂತ ಹಳೇದೇನೂ ಸ್ವರ್ಗ ಅಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಕೂತ್ರೆ ಕೆಲವು ಸೀಟಿಗೆ ಎದುರಿಗೇ ಕಂಬ! ಗೋಲ್ ಆಯ್ತಾ ಅಂತ ಪಕ್ಕದವರನ್ನ ಕೇಳ್ಬೇಕು. ಸುತ್ತ ಮನೆಗಳು, ಮೂಲೆಗೆ ಒಂದು ಚರ್ಚು. ಸುಮಾರು 39 ಸಾವಿರ ಜನ ತುಂಬಿದ್ರೆ ಮುಗೀತು, ಬೆಳೆಯೋಕೆ ಜಾಗವೇ ಇಲ್ಲ.

2025ರಲ್ಲಿ ಪುರುಷರ ತಂಡ ಮರ್ಸಿ ನದಿ ದಂಡೆಯ ಹಳೇ ಹಡಗುಕಟ್ಟೆಯಲ್ಲಿ ಕಟ್ಟಿದ ಹೊಸ ಸ್ಟೇಡಿಯಂಗೆ ಬಂತು. 52 ಸಾವಿರಕ್ಕೂ ಹೆಚ್ಚು ಸೀಟು, ಕಡಿದಾದ ಗ್ಯಾಲರಿ, ಕಂಬದ ಕಾಟ ಇಲ್ಲ. ಸೊಗಸಾಗಿದೆ, ಒಪ್ಪಲೇಬೇಕು. ಆದ್ರೆ ಹೆಸರು? ಹಿಲ್ ಡಿಕಿನ್ಸನ್ ಸ್ಟೇಡಿಯಂ. ಅದು ವಕೀಲರ ಸಂಸ್ಥೆಯೊಂದರ ಹೆಸರು! ಕೇಸ್ ಗೆದ್ದಾಗ ಕೂಗಬಹುದೇನೋ, ಗೋಲ್ ಹೊಡೆದಾಗ ಕಷ್ಟ.

ನಗರವೂ ಬೆಲೆ ತೆತ್ತಿದೆ. 2021ರಲ್ಲಿ ಯುನೆಸ್ಕೊ ಲಿವರ್‌ಪೂಲನ್ನ ವಿಶ್ವ ಪರಂಪರೆ ಪಟ್ಟಿಯಿಂದ ತೆಗೆದುಹಾಕಿತು. ಕೊಟ್ಟ ಕಾರಣಗಳಲ್ಲಿ ಈ ಸ್ಟೇಡಿಯಂ ಯೋಜನೆ ಕೂಡ ಒಂದು.

ಇನ್ನು, ತಾತನ ಪಕ್ಕ ಕೂತು ಆಟ ನೋಡಿದ ಸೀಟು, ಆಟಕ್ಕೆ ಮುಂಚೆ ಸೇರ್ತಿದ್ದ ಪಬ್ಬು, ಇವನ್ನೆಲ್ಲ ಲಾರಿಗೆ ಹೇರಿ ತರೋಕಾಗುತ್ತಾ? ಆ ಪಬ್ಬಿನವರ ವ್ಯಾಪಾರದ ಗತಿ ಏನು?

ಗುಡಿಸನ್ ಕೆಡವೋ ಯೋಚನೆಯೂ ಇತ್ತು. ಪುಣ್ಯಕ್ಕೆ ಕೈಬಿಟ್ಟರು. ಎವರ್ಟನ್ ಮಹಿಳಾ ತಂಡ ಈಗ ಅಲ್ಲೇ ಆಡ್ತಿದೆ. ಹಳೇ ಸೀಟು ಬಿಡೋಕೆ ಮನಸ್ಸಿಲ್ಲದವರು ಅವರ ಆಟಕ್ಕೆ ಟಿಕೆಟ್ ತಗೋಬಹುದು. ಕಂಬ ಮಾತ್ರ ಹಾಗೇ ಇದೆ.