ನಾಲ್ಕನೇ ಜಾಗದ ಬಗ್: ‘ಹೆಸರು ಹೇಳಿ ಕೊಡಿ’ ಅಂತ ಪೈಥಾನ್ ಯಾಕೆ ಕೇಳ್ತಿದೆ?

ಅಜ್ಜಂಪುರದಿಂದ ಮಾತಾಡ್ತಿದ್ದೀನಿ. ನಾನು ಓದಿದ್ದು ಬಿಕಾಂ. ಹಾಗಾಗಿ ಇವತ್ತಿನ ಪೈಥಾನ್ ವಿಷಯಾನ ಲೆಕ್ಕದ ಚೀಟಿಯಿಂದಲೇ ಶುರು ಮಾಡೋಣ.

ಅಡಿಕೆ ತೂಕದ ಚೀಟಿಯಲ್ಲಿ ಬರೀ ‘12, 65, 2’ ಅಂತಿದ್ರೆ ಏನರ್ಥ? ಯಾವುದು ಚೀಲ, ಯಾವುದು ಕೆಜಿ? ಬರೆದವರಿಗಷ್ಟೇ ಗೊತ್ತು. ಅದಕ್ಕೇ ಬಿಲ್ ಬುಕ್ಕಲ್ಲಿ ಪ್ರತಿ ಕಾಲಂಗೂ ಹೆಸರಿರುತ್ತೆ. ಫಂಕ್ಷನ್ ಕೂಡ ಹೀಗೇ. ಜಾಗದ ಮೇಲೆ ಅರ್ಥವಾದ್ರೆ ಪೊಸಿಷನಲ್ ಆರ್ಗ್ಯುಮೆಂಟ್, ಹೆಸರು ಹೇಳಿ ಕೊಟ್ರೆ ಕೀವರ್ಡ್ ಆರ್ಗ್ಯುಮೆಂಟ್.

ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ‘ಆರ್‌ಇ’ ಅನ್ನೋ ಮಾಡ್ಯೂಲ್ ಇದೆ. ಅದರ ‘ಸಬ್’ ಫಂಕ್ಷನ್ ಒಂದು ಪದ ಹುಡುಕಿ ಇನ್ನೊಂದು ಹಾಕುತ್ತೆ. ಮೊದಲ ಮೂರು ಜಾಗ ಸುಲಭ: ಏನು ಹುಡುಕಬೇಕು, ಏನು ಹಾಕಬೇಕು, ಎಲ್ಲಿ. ನಾಲ್ಕನೇದು ‘ಕೌಂಟ್’, ಅಂದ್ರೆ ಎಷ್ಟು ಸಲ. ಐದನೇದು ‘ಫ್ಲ್ಯಾಗ್ಸ್’.

ವಿದ್ಯಾರ್ಥಿಗಳ ವಿಳಾಸದ ಪಟ್ಟಿ ಇದೆ ಅಂದುಕೊಳ್ಳಿ. ಅಜ್ಜಂಪುರ ಅಂತ ಕೆಲವರು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಕೆಲವರು ಸಣ್ಣಕ್ಷರದಲ್ಲಿ ಟೈಪ್ ಮಾಡಿದ್ದಾರೆ. ಎಲ್ಲವನ್ನೂ ಕನ್ನಡಕ್ಕೆ ತರಬೇಕು. ಅದಕ್ಕೆ ‘ಇಗ್ನೋರ್‌ಕೇಸ್’ ಫ್ಲ್ಯಾಗನ್ನ ಯಾರೋ ನಾಲ್ಕನೇ ಜಾಗದಲ್ಲಿ ಹಾಕಿದ್ರು. ಆ ಫ್ಲ್ಯಾಗಿನ ಒಳಗಿನ ವ್ಯಾಲ್ಯೂ 2. ಪೈಥಾನ್‌ಗೆ ಅರ್ಥವಾಗಿದ್ದು ‘ಎರಡೇ ಸಲ ಬದಲಿಸು’ ಅಂತ! ಸಣ್ಣಕ್ಷರದ ಮೊದಲ ಎರಡು ಬದಲಾದ್ವು, ದೊಡ್ಡಕ್ಷರದವು ಹಾಗೇ ಉಳಿದ್ವು. ಎರರ್ ಮಾತ್ರ ಇಲ್ಲ. ಆಮೇಲೆ ಆ ಪಟ್ಟಿಯಿಂದ ಊರುವಾರು ಎಣಿಸಿದ್ರೆ, ಉಳಿದ ಮಕ್ಕಳು ಅಜ್ಜಂಪುರದ ಲೆಕ್ಕಕ್ಕೇ ಸಿಗಲ್ಲ.

ಹೆಸರಿಲ್ಲದೆ ತಗೊಳ್ಳದ ಆರ್ಗ್ಯುಮೆಂಟ್ ಬರೆಯೋ ಸೌಲಭ್ಯ 2008ರಲ್ಲಿ ಪೈಥಾನ್ 3.0 ಜೊತೆಗೇ ಬಂತು. ಆದ್ರೆ ಹಳೇ ಫಂಕ್ಷನ್‌ಗಳನ್ನ ಒಮ್ಮೆಲೇ ಬದಲಿಸಿದ್ರೆ, ಓಡ್ತಿರೋ ಪ್ರೋಗ್ರಾಂಗಳು ನಿಂತುಹೋಗ್ತವೆ. ಅದಕ್ಕೇ 2024ರ ಅಕ್ಟೋಬರ್‌ನ 3.13ರಲ್ಲಿ ಮೊದಲು ಎಚ್ಚರಿಕೆ ಕೊಟ್ಟರು: ‘ಸಬ್’ನಲ್ಲಿ ಕೌಂಟ್, ಫ್ಲ್ಯಾಗ್ಸ್ ಎರಡನ್ನೂ ಹೆಸರು ಹೇಳಿಯೇ ಕೊಡಿ, ಮುಂದಿನ ಆವೃತ್ತಿಗಳಲ್ಲಿ ಇದು ಕಡ್ಡಾಯ ಆಗುತ್ತೆ.

ಕನ್ನಡದವರಿಗೆ ಇದು ಹೊಸದೇನಲ್ಲ. ‘ಅಕ್ಕ ತಮ್ಮನಿಗೆ ಪೆನ್ನನ್ನು ಕೊಟ್ಟಳು’ ಅನ್ನಿ, ‘ಪೆನ್ನನ್ನು ತಮ್ಮನಿಗೆ ಅಕ್ಕ ಕೊಟ್ಟಳು’ ಅನ್ನಿ, ಕೊಟ್ಟೋರು ಯಾರು, ತಗೊಂಡೋರು ಯಾರು ಅನ್ನೋದು ಬದಲಾಗಲ್ಲ. ‘ಇಗೆ’, ‘ಅನ್ನು’ ಪ್ರತ್ಯಯಗಳೇ ಕೀವರ್ಡ್ ಕೆಲಸ ಮಾಡ್ತವೆ.

ಹಾಗಂತ ಎಲ್ಲದಕ್ಕೂ ಹೆಸರು ಬೇಕಿಲ್ಲ. ಉದ್ದ ಅಳೆಯೋ ‘ಲೆನ್’ಗೆ ಕೊಡೋದೇ ಒಂದು, ಅಲ್ಲಿ ಗೊಂದಲ ಎಲ್ಲಿ? ಸಂಖ್ಯೆ, ಫ್ಲ್ಯಾಗ್ ಅಕ್ಕಪಕ್ಕ ಕೂರೋ ಕಡೆ ಮಾತ್ರ ಹೆಸರು ಬರೀರಿ. ಇನ್ನೊಂದು ಮಾತು: ಈ ಎಚ್ಚರಿಕೆ ನೀವು ನೇರವಾಗಿ ಓಡಿಸೋ ಫೈಲಲ್ಲಿ ಕಾಣುತ್ತೆ, ಇಂಪೋರ್ಟ್ ಮಾಡಿದ ಫೈಲಲ್ಲಿ ಸಾಮಾನ್ಯವಾಗಿ ಕಾಣಲ್ಲ. ಅಲ್ಲಿ ‘ಸಬ್’ ಎಲ್ಲೆಲ್ಲಿದೆ ಅಂತ ನೀವೇ ಹುಡುಕಿ ನೋಡಬೇಕು.