ಮೊಟ್ಟೆಯ ಬುಟ್ಟಿ ಕಲಿಸಿದ ವಿದ್ಯೆ

ವಿದ್ಯಾರ್ಜನೆಗೆಂದು ಪರದೇಶಕ್ಕೆ ಹೋದವರ ಕಥೆಗಳಲ್ಲಿ ವಿಶ್ವವಿದ್ಯಾನಿಲಯ, ಗ್ರಂಥಾಲಯ, ಪದವಿ ಇವುಗಳ ವರ್ಣನೆಯೇ ಹೆಚ್ಚು. ಸಂತೆಯಲ್ಲಿ ಬಳಕೆಯಲ್ಲಿದ್ದ ಒಂದು ಬುಟ್ಟಿಯಿಂದ ತಮ್ಮ ಬಾಳಿನ ದಾರಿಯನ್ನು ಕಂಡುಕೊಂಡ ವಿದ್ಯಾರ್ಥಿನಿಯೊಬ್ಬರ ವಿಷಯವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಅವರ ಹೆಸರು ರೂತ್ ಅಸಾವಾ.

ಅಸಾವಾ 1926ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದರು. ತಂದೆತಾಯಿಗಳು ಜಪಾನಿನಿಂದ ಬಂದು ನೆಲೆಸಿದ ರೈತರು. 1942ರಲ್ಲಿ, ಮಹಾಯುದ್ಧದ ನಡುವೆ, ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಕುದುರೆ ಪಂದ್ಯದ ಮೈದಾನವೊಂದರ ಲಾಯವೇ ಆ ಹುಡುಗಿಗೆ ಕೆಲವು ತಿಂಗಳು ಮನೆಯಾಯಿತು. ಮುಂದೆ ಉಪಾಧ್ಯಾಯಿನಿಯಾಗಲೆಂದು ಓದಿದರೂ, ಬೋಧನೆಯ ಅಭ್ಯಾಸಕ್ಕೆ ಅವರನ್ನು ಸೇರಿಸಿಕೊಳ್ಳುವ ಶಾಲೆ ಸಿಗಲಿಲ್ಲ. ಕಾರಣ, ಅವರ ವಂಶ. ಹುಟ್ಟಿದ ನಾಡೇ ಪರನಾಡಾಗಿತ್ತೆಂದರೆ ತಪ್ಪಲ್ಲ.

1945ರಲ್ಲಿ ಅವರು ಮೆಕ್ಸಿಕೋಗೆ ಹೋಗಿ ಕ್ಲಾರಾ ಪೋರ್ಸೆಟ್ ಎಂಬ ವಿನ್ಯಾಸಕಿಯ ತರಗತಿಯಲ್ಲಿ ಕುಳಿತರು. ಮರುವರ್ಷ ಉತ್ತರ ಕೆರೋಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜನ್ನು ಸೇರಿದರು. ಅಲ್ಲಿ ಗುರುಗಳಾಗಿ ದೊರೆತವರು ಜೋಸೆಫ್ ಆಲ್ಬರ್ಸ್. ಈ ಗುರುವಿನ ಪೂರ್ವಕಥೆಯೂ ಸ್ವಾರಸ್ಯವಾದದ್ದೇ. 1920ರಲ್ಲಿ ಜರ್ಮನಿಯ ವೈಮಾರ್ ನಗರದ ಬೌಹೌಸ್ ಶಾಲೆಗೆ ವಿದ್ಯಾರ್ಥಿಯಾಗಿ ಬಂದಾಗ ಅವರಿಗೆ 32 ವರ್ಷ. ಬಣ್ಣದ ಗಾಜನ್ನು ಕೊಳ್ಳಲು ಹಣವಿಲ್ಲ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಸುತ್ತಿಗೆ ಹಿಡಿದು ಊರಿನ ತಿಪ್ಪೆಗೆ ಹೋಗಿ, ಒಡೆದ ಸೀಸೆಗಳ ಚೂರುಗಳನ್ನು ಆರಿಸಿ ತಂದು, ಅವನ್ನೇ ಜೋಡಿಸಿ ಬೆಳಕು ಹಾಯುವ ಚಿತ್ರಗಳನ್ನು ಮಾಡಿದರು.

ಅವರ ಪತ್ನಿ ಆನಿ ಆಲ್ಬರ್ಸ್ ಅವರೂ ಇದೇ ಹಾದಿಯವರು. ಮೆಕ್ಸಿಕೋದ ಮಾಂಟೆ ಆಲ್ಬಾನ್ ಸಮಾಧಿಯಲ್ಲಿ 1932ರಲ್ಲಿ ದೊರೆತ ಪ್ರಾಚೀನ ಆಭರಣಗಳನ್ನು ಅವರು ಕಂಡರು. ಅಲ್ಲಿನ ಅಕ್ಕಸಾಲಿಗರು ಚಿನ್ನದ ಜೊತೆಗೆ ಸಾಮಾನ್ಯ ಕಪ್ಪೆಚಿಪ್ಪನ್ನೂ ಸಂಕೋಚವಿಲ್ಲದೆ ಬಳಸಿದ್ದರು. ಹಿಂದಿರುಗಿದ ಆನಿ, ವಿದ್ಯಾರ್ಥಿಯೊಬ್ಬರ ಜೊತೆಗೂಡಿ, ವಾಷರುಗಳು, ಕಾಗದದ ಕ್ಲಿಪ್ಪುಗಳು, ಪಾತ್ರೆ ತೊಳೆಯುವ ತೊಟ್ಟಿಯ ಜಾಲರಿ ಇವುಗಳಿಂದ ಕಂಠಹಾರಗಳನ್ನು ರಚಿಸಿದರು.

ಇಂಥ ಗುರುಕುಲದಿಂದ ಅಸಾವಾ 1947ರ ಬೇಸಗೆಯಲ್ಲಿ ಮತ್ತೆ ಮೆಕ್ಸಿಕೋಗೆ ಹೋದರು. ತೊಲೂಕಾ ಎಂಬ ಊರಿನಲ್ಲಿ ಮೊಟ್ಟೆಗಳನ್ನು ಒಯ್ಯಲು ತಂತಿಯ ಬುಟ್ಟಿಗಳಿದ್ದವು. ಒಂದೇ ತಂತಿಯನ್ನು ಕೊಂಡಿ ಮಾಡಿ, ಆ ಕೊಂಡಿಯೊಳಗೆ ಮುಂದಿನ ಸಾಲಿನ ಕೊಂಡಿಯನ್ನು ತೂರಿಸುತ್ತ, ಬೆಸುಗೆಯ ಸಹಾಯವಿಲ್ಲದೆ ಹೆಣೆಯುವ ವಿಧಾನ ಅದು. ಊರಿನ ಕಸುಬುದಾರರಿಂದ ಅಸಾವಾ ಅದನ್ನು ಕಲಿತರು. ಬಳಸುವವರಿಗೆ ಅದು ಬುಟ್ಟಿ. ಅವರ ಕಣ್ಣಿಗೆ, ಗಾಳಿಯಲ್ಲಿ ಎಳೆದ ಗೆರೆ. ಮುಂದೆ ಅದೇ ಹೆಣಿಗೆಯಿಂದ, ಹೊಟ್ಟೆಯೊಳಗೆ ಹೊಟ್ಟೆಯಂತೆ ಒಂದರೊಳಗೊಂದು ತೂಗುವ, ಒಳಹೊರಗುಗಳೆರಡೂ ಕಾಣುವ ಶಿಲ್ಪಗಳು ಹುಟ್ಟಿದವು.

ಇಲ್ಲಿ ಗಮನಿಸಬೇಕಾದುದೊಂದಿದೆ. ಬಡತನ ಮಾತ್ರದಿಂದ ಕಲೆ ಹುಟ್ಟುವುದಿಲ್ಲ. ನಿತ್ಯವೂ ಕಾಣುವ ವಸ್ತುವನ್ನು ನಾವು ಕಾಣುವುದೇ ಇಲ್ಲ. ಅಭ್ಯಾಸವು ಕಣ್ಣಿಗೆ ಪೊರೆ ಕಟ್ಟುತ್ತದೆ. ಪರಸ್ಥಳದವನಿಗೆ ಆ ಪೊರೆಯಿನ್ನೂ ಕಟ್ಟಿರುವುದಿಲ್ಲ. ಆದರೆ ನೋಡಿದರಷ್ಟೇ ಸಾಲದು, ಊರವರ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವ ವಿನಯವೂ ಬೇಕು. ಶಿಲ್ಪಿಯ ಹೆಸರು ಜಗತ್ತಿಗೆ ತಿಳಿಯಿತು. ಕಲಿಸಿದ ಕೈಗಳ ಹೆಸರು ತಿಳಿಯಲಿಲ್ಲ. ಆ ಋಣವನ್ನು ನಾವಾದರೂ ನೆನೆಯಬೇಕು.

ಋಣವನ್ನು ಅಸಾವಾ ತಮ್ಮದೇ ರೀತಿಯಲ್ಲಿ ಸಲ್ಲಿಸಿದರು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಅಲ್ವರಾಡೋ ಶಾಲೆಯಲ್ಲಿ, ಇತರರ ನೆರವಿನಿಂದ, ಮಕ್ಕಳಿಗಾಗಿ ಕಲಾ ಕಾರ್ಯಾಗಾರವನ್ನು ಆರಂಭಿಸಿದರು. ಖಾಲಿಯಾದ ಹಾಲಿನ ಕಾಗದದ ಡಬ್ಬಗಳು, ಹಿಟ್ಟು, ಉಪ್ಪು, ನೀರು ಇವೇ ಅಲ್ಲಿನ ಸಾಮಗ್ರಿ. ಒಮ್ಮೆ ಯಾವ ಶಾಲೆಯೂ ತನ್ನ ಬಾಗಿಲನ್ನು ತೆರೆಯದಿದ್ದ ಆ ಉಪಾಧ್ಯಾಯಿನಿಯ ಹೆಸರನ್ನೇ 2010ರಲ್ಲಿ ಅದೇ ನಗರದ ಕಲಾಶಾಲೆಯೊಂದಕ್ಕೆ ಇಟ್ಟರು. ಅಸಾವಾ 2013ರಲ್ಲಿ ತೀರಿಕೊಂಡರು.